ಮೀನಿನ ಪೆಟ್ಟಿಗೆಯಲ್ಲಿ ಸೊನ್ನೆ ಹುಡುಕಿದ್ದು

ಬೈತಕೋಲದಿಂದ ಕೋಡಿಬಾಗದ ನನ್ನ ಅಂಗಡಿಗೆ
ವೈರ್‌ಲೆಸ್ ಸೆಟ್ಟನ್ನು ಲುಂಗಿಯಲ್ಲಿ ಸುತ್ತಿ
ಕೂಸು ತಂದಂತೆ ತಂದ ಜೈವಂತ ತಾಂಡೇಲ.
“ಬಾಯೀ, ಬೆಳಗಿನ ಐದಕ್ಕೆ ಮಾತು ಗಂಟೆಯ ಹಾಗೆ.
ಮಧ್ಯಾಹ್ನ ಆಯ್ತೋ, ಬಟನ್ ಒತ್ತಿದ್ದೇ ತಡ,
ನನ್ನ ಹಿಂದೆ ನಿಂತು ಯಾರೋ ಸೀಟಿ ಹೊಡೀತಾರಂತೆ.
ದಡದ ರೂಮಿನ ರೊಜಾಲಿನ್ ಬಾಯಿ ಹೇಳ್ತಾಳೆ.
ನನಗೆ ಕೇಳೋದಿಲ್ಲ. ತಿರುಗಿ ನೋಡಿದೆ, ಯಾರೂ ಇಲ್ಲ.”

ಯಾರೂ ಇಲ್ಲ, ನಿಜ.
ಮಿಕ್ಸರಿನಲ್ಲಿ ಎರಡು ಡಯೋಡು, ಎದುರುಬದುರು,
ಹಗ್ಗ ಜಗ್ಗುವವರ ಹಾಗೆ.
ಬಲ ಸಮವಿದ್ದರೆ ನಡುವಿನ ಗಂಟು ಅಲುಗುವುದಿಲ್ಲ;
ಹೊರುವ ಅಲೆ ಒಳಗೇ ಅಡಗುತ್ತದೆ,
ಮಾತು ಮಾತ್ರ ದಡ ಸೇರುತ್ತದೆ.
ಒಂದಕ್ಕೆ ಬಿಸಿ ಹೆಚ್ಚು ತಾಗಿತೋ
ಡಿಗ್ರಿಗೆ ಎರಡು ಮಿಲಿವೋಲ್ಟಿನಂತೆ ಅದು ಸಡಿಲ,
ಗಂಟು ಜಾರಿ
ಹೊತ್ತವನೇ ಹೊರಗೆ ಬಂದು ಕೂಗುತ್ತಾನೆ.

ಮುಚ್ಚಳ ಬಿಚ್ಚಿದೆ. ಉಪ್ಪು. ಒಂದು ಸತ್ತ ಇರುವೆ.
ಯಾರೋ ಹಿಂದೆ ಹಾಕಿದ ಬೆಸುಗೆ, ಸೀಗಡಿ ತಲೆಯಷ್ಟು ದಪ್ಪ.
ಒಂದು ಡಯೋಡು ರೆಗ್ಯುಲೇಟರಿನ ಮಗ್ಗುಲಲ್ಲಿ, ಒಲೆಯ ಬದಿಯ ಬೆಕ್ಕು;
ಇನ್ನೊಂದು ದೂರ, ಗಾಳಿಗೆ.

ನೂರು ಡಯೋಡು ಸುರುವಿಕೊಂಡು ಜೋಡಿ ಹುಡುಕಿದೆ,
ತಿಸ್ರೆ ಆರಿಸಿದ ಹಾಗೆ, ಎರಡು ಸಂಜೆ.
ಸಿಕ್ಕ ಎರಡನ್ನು ಬೆನ್ನಿಗೆ ಬೆನ್ನು ಹಚ್ಚಿ
ಒಂದೇ ತಾಮ್ರದ ತುಂಡಿಗೆ ಅಂಟಿಸಿದೆ:
ಬೆವರುವುದಾದರೆ ಒಟ್ಟಿಗೇ ಬೆವರಿ.
ಆದರೂ ಒಂಚೂರು ಉಳಿಯಿತು. ಅದಕ್ಕೆ ಥರ್ಮಿಸ್ಟರು,
ಮೆಣಸಿನ ಕಾಳಿನಷ್ಟು, ಕಪ್ಪಗೆ,
ಕಾದಷ್ಟೂ ತಡೆ ಬಿಟ್ಟುಕೊಡುವ ಜಾತಿ.

ಪರೀಕ್ಷೆಗೆ ದೊಡ್ಡ ಕಂಪನಿಗಳಲ್ಲಿ ಬೀರುವಿನಂಥ ಯಂತ್ರವಿದೆಯಂತೆ.
ನನಗೆ ಇಸ್ವಾಣ ತುಂಬುವ ಥರ್ಮೋಕೋಲ್ ಪೆಟ್ಟಿಗೆ,
ಒಳಗೊಂದು ಅರವತ್ತು ವ್ಯಾಟಿನ ಬಲ್ಬು,
ಐಸ್ ಫ್ಯಾಕ್ಟರಿಯಿಂದ ಅರ್ಧ ಬುಟ್ಟಿ ಐಸು,
ಮುಚ್ಚಿಹೋದ ಫೋಟೋ ಸ್ಟುಡಿಯೋದವರು ಕೊಟ್ಟ ಥರ್ಮಾಮೀಟರು.
ಇಪ್ಪತ್ತೆರಡು. ಮೂವತ್ತು. ನಲವತ್ತೊಂದು. ಐವತ್ತು.
ಪ್ರತಿ ಮೆಟ್ಟಿಲಲ್ಲೂ ನಿಂತು, ಸೂಜಿ ನೋಡಿ,
ಕ್ಯಾಲೆಂಡರಿನ ಬೆನ್ನಿಗೆ ಬರೆದೆ.
ಅಂಗಡಿ ತುಂಬ ಕಾದ ಮೀನಿನ ವಾಸನೆ;
ಮೊಬೈಲ್ ಕವರ್ ಕೇಳಲು ಬಂದ ಹುಡುಗಿ ಮೂಗು ಹಿಡಿದು ಓಡಿದಳು.

ಮೊದಲ ಸಲ ಮದ್ದು ಜಾಸ್ತಿಯಾಯಿತು.
ಜೈವಂತ ಮರಳಿ ಬಂದ: “ಮಧ್ಯಾಹ್ನ ಚೊಕ್ಕ.
ಈಗ ಬೆಳಗಿನ ಐದಕ್ಕೆ ಸೀಟಿ.”
ನಾನು ನಕ್ಕೆ. ಅವನು ನಗಲಿಲ್ಲ.
ಥರ್ಮಿಸ್ಟರಿನ ಪಕ್ಕಕ್ಕೊಂದು ಸಾದಾ ರೆಸಿಸ್ಟರು ಕಟ್ಟಿದೆ,
ಚುರುಕು ಹುಡುಗನ ಹುಟ್ಟಿಗೆ ಮುದುಕನ ಕೈ ಜೋಡಿಸಿದಂತೆ.
ಕೊನೆಯ ತಿರುಪು ಮಾತ್ರ ಅಂಗಡಿಯ ಫ್ಯಾನಿನ ಕೆಳಗಲ್ಲ,
ಬೋಟಿನ ತಗಡಿನ ಕೋಣೆಯಲ್ಲಿ, ಮೇ ತಿಂಗಳ ಒಂದೂವರೆಗೆ,
ಕೂರ್ಮಗಡ ಬಿಸಿಲ ಝಳದಲ್ಲಿ ನಡುಗುತ್ತಿರುವಾಗ,
ಬೆವರು ಸ್ಕ್ರೂಡ್ರೈವರಿನಗುಂಟ ಇಳಿಯುತ್ತಿರುವಾಗ:
ಕಾಲು ಸುತ್ತು ಮುಂದೆ, ಕೂದಲೆಳೆ ಹಿಂದೆ.
ಸೊನ್ನೆ ಎಲ್ಲ ಹೊತ್ತಿಗೂ ಸಿಗುವುದಿಲ್ಲ.
ಯಾವ ಹೊತ್ತಿಗೆ ಮಾತು ಬೇಕೋ ಅಲ್ಲಿ ಇಡಬೇಕು.

ವಾರದ ಮೇಲೆ ರೊಜಾಲಿನ್ ಬಾಯಿಯೇ ಬಂದಳು, ಛತ್ರಿ ಮಡಚುತ್ತ.
ಸೀಟಿ ಹೋಯಿತು, ಸರಿಯೇ ಅಂದಳು.
ಆದರೆ ಮೂವತ್ತು ಬೋಟುಗಳ ಗದ್ದಲದಲ್ಲಿ
ಸೀಟಿ ಬಂತೆಂದರೆ ಜೈವಂತನೇ ಎಂದು ತಿಳಿಯುತ್ತಿತ್ತು,
ಅವನು ಹೆಸರು ಹೇಳುವ ಮೊದಲೇ
ನನ್ನ ಪೆನ್ನು ಪುಸ್ತಕದ ಮೇಲಿರುತ್ತಿತ್ತು.
ಈಗ ಅವನೂ ಎಲ್ಲರ ಹಾಗೆ.

ಏನು ಹೇಳಲಿ? ಕ್ಯಾಲೆಂಡರ್ ತಿರುವಿ ತೋರಿಸಿದೆ:
ಇಪ್ಪತ್ತೆರಡು ಡಿಗ್ರಿಯ ಎದುರಿಗೆ
ಎಷ್ಟು ಮಾಡಿದರೂ ಹೋಗದ, ಸೂಜಿಯ ಸಣ್ಣ ಅಲುಗು.
“ಡಿಸೆಂಬರಿನಲ್ಲಿ, ಬೆಳಗಿನ ಜಾವ, ಕಿವಿಗೊಟ್ಟು ಕೇಳಿ.”
ಅವಳು ಬರೆದುಕೊಂಡಳು.
ನಿಜವಾಗಿ ಬರೆದುಕೊಂಡಳು, ಅಂಗೈ ಮೇಲೆ.